ಎರಡು ಸುಳಿ

ಮಂಗಳವಾರ ಕತ್ತರಿಗೆ ರಜೆ.
ಶ್ರೀರಾಮಪುರದ ಎರಡನೇ ಮಹಡಿ, ಒಂದೂವರೆ ರೂಮು.
ಬೆಳಿಗ್ಗೆ ಹತ್ತಕ್ಕೇ ಕಿಟಕಿಗೆ ಬೆಡ್‌ಶೀಟು ಕಟ್ಟಿ
ಹಳೇ ಗೂಢಚಾರರ ಪಿಚ್ಚರು ಹಾಕುತ್ತೇನೆ.
"ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯ" ಅನ್ನುತ್ತಾಳೆ ನಾಗವೇಣಿ,
ಅವರೆಕಾಯಿ ಸುಲಿಯುತ್ತ, ತಾನೂ ನೋಡುತ್ತ.

ಗೊತ್ತು, ಎಲ್ಲಾ ಗೊತ್ತು.
ಗೋಡೆ ಸರಿದರೆ ಗುಹೆ, ಗುಹೆಯೊಳಗೆ ಸೋಫಾ ಸೆಟ್ಟು,
ಮೀನಿಗೆ ಅವಲಕ್ಕಿ ಹಾಕುತ್ತ ದೇಶ ಮಾರುವ ಯಜಮಾನ,
ಹಾಂಕಾಂಗ್ ಎಂದು ತೋರಿಸಿದ ನಮ್ಮ ಹೈಗ್ರೌಂಡ್ಸ್ ರಸ್ತೆ,
ಹೀರೋ ಹೆಗಲಾಚೆ, ಸಣ್ಣಗೆ, ಒಂದು ಬಿ.ಟಿ.ಎಸ್ ಬಸ್ಸು.
ದಾರದಲ್ಲಿ ತೂಗುವ ಹೆಲಿಕಾಪ್ಟರು.
ಗಮನಿಸಿದರೆ ದಾರವೂ ಕಾಣುತ್ತದೆ,
ನಾನು ಗಮನಿಸುವುದಿಲ್ಲ.
ಬಾಂಬಿಗೆ ಮೂರು ಸೆಕೆಂಡು ಉಳಿದಾಗ
ಈಗಲೂ ಕಾಲ್ಬೆರಳು ಮುದುರಿಕೊಳ್ಳುತ್ತವೆ.
ಅಷ್ಟರಲ್ಲಿ ಮೆಟ್ರೋ ಹಾದು, ಬಾಂಬಿಗೂ ಮೊದಲೇ
ಮನೆ ನಡುಗುತ್ತದೆ.

ವೇಷದ ವಿಷಯ ಮಾತ್ರ ನನ್ನ ಹತ್ತಿರ ನಡೆಯಲ್ಲ.
ಗಲ್ಲದ ಮೇಲೆ ಹುಣಿಸೆಬೀಜದಂಥ ಮಚ್ಚೆ,
ತುಟಿ ಮೇಲೆ ಅಂಟಿಸಿದ ಮೀಸೆ,
ಅಷ್ಟಕ್ಕೇ ಕಟ್ಟಿಕೊಂಡವಳಿಗೂ ಗುರುತು ಸಿಗದ ಹೀರೋ.
ನಗುತ್ತಿದ್ದೆ ಮೊದಲು.
ಆಮೇಲೊಬ್ಬ ಅಂಗಡಿಗೆ ಬಂದ, ಇಪ್ಪತ್ತು ವರ್ಷದ ಮೀಸೆ ತೆಗೆಸಿ
ಕನ್ನಡಿಯೊಳಗೆ ಕೂತವನಿಗೆ ನಮಸ್ಕಾರ ಅಂದ.
ನಗುವುದು ಬಿಟ್ಟೆ.

ಮುಖ ಮೋಸ ಮಾಡುತ್ತೆ. ಹೆಕ್ಕತ್ತು ಮಾಡಲ್ಲ.
ಮೂವತ್ತೊಂದು ವರ್ಷ ಜನರ ಹಿಂದೆ ನಿಂತವನು ನಾನು.
ಸೇತುವೆ ತನಕ ಓಡಿದ ಹೀರೋಗೆ ಹಿಂದೆ ರೌಂಡ್ ಕಟ್ಟು,
ಅಲ್ಲಿಂದ ಹಾರಿದವನಿಗೆ ಸ್ಕ್ವೇರು.
ನಡುವೆ ರೆಪ್ಪೆ ಬಡಿದಷ್ಟು ಹೊತ್ತು.
ಎಂಟುನೂರು ಜನ ಶಿಳ್ಳೆ ಹೊಡೆದದ್ದು
ಯಾರ ಬೆನ್ನಿಗೆ?

ಹೋದ ವಾರ ಅದೇ ಪಿಚ್ಚರು, ಅದೇ ಸೇತುವೆ,
ನೆಟ್ಟು ಸಿಕ್ಕಿಹಾಕಿಕೊಂಡಿತು.
ಗಾಳಿಯಲ್ಲಿ ಕೈಕಾಲು ಅಗಲಿಸಿ ಅವನೂ ನಿಂತ,
ತಲೆ ನಮ್ಮ ಕಡೆಗೆ.
ಅವನ ಬೆನ್ನ ಮೇಲೆ ಬಿಳೀ ಚಕ್ರ ಸುತ್ತುತ್ತಲೇ ಇತ್ತು.
ಎದ್ದು ಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ.
ನೆತ್ತಿಯಲ್ಲಿ ಎರಡು ಸುಳಿ, ಒಂದು ಬಲಕ್ಕೆ, ಒಂದು ಎಡಕ್ಕೆ.
ಎಡಗಿವಿಯ ಹಿಂದೆ ಕೂದಲು ಹುಟ್ಟದ ಗಾಯ, ಉಗುರಿನಷ್ಟು.

ಆ ತಲೆಯನ್ನು ನಾನು ಬಲ್ಲೆ.
ಎರಡು ಶನಿವಾರಕ್ಕೊಮ್ಮೆ ಬರುತ್ತದೆ, ಸ್ವತಂತ್ರಪಾಳ್ಯದಿಂದ ನಡೆದು.
ಹೆಸರು ಎತಿರಾಜು. ಬಲಮೊಣಕಾಲು ಮಡಚಲ್ಲ.
ಎರಡು ಸುಳಿಗೆ ಎರಡು ಮದುವೆಯಂತಲ್ಲ ಎಂದು ಛೇಡಿಸಿದರೆ
"ಒಂದಕ್ಕೇ ಯಾರೂ ಹೆಣ್ಣು ಕೊಡಲಿಲ್ಲ" ಅಂದಿದ್ದರು.
ಕಾಲಿಗೇನಾಯ್ತು ಎಂದರೆ
"ಮೆಟ್ಟಿಲು ತಪ್ಪಿತು." ಅಷ್ಟೇ.

ನಾಗವೇಣಿಗೆ ತೋರಿಸಿದೆ.
"ತಲೆಗಳೆಲ್ಲ ಹಂಗೇ ಇರ್ತವೆ ಬಿಡು" ಅಂದಳು.
ಆದರೆ ಕಾಳಿನ ತಟ್ಟೆ ಕೆಳಗಿಟ್ಟಿದ್ದಳು.

ಶನಿವಾರ ಬಂದರು.
ಬಟ್ಟೆ ಹೊದಿಸಿದೆ, ಗಂಟು ಹಾಕಿದೆ, ನೀರು ಚಿಮುಕಿಸಿದೆ.
ನಾಲಿಗೆ ತುದಿಯಲ್ಲಿ ಆ ಮಾತು
ಬಾಂಬಿನ ಗಡಿಯಾರದ ಹಾಗೆ ಟಿಕ್ಕೆನ್ನುತ್ತಿತ್ತು.
ಕೊನೆಗೆ ಕೇಳಿದ್ದು ಇಷ್ಟು:
"ಹಿಂದೆ ರೌಂಡಾ, ಸ್ಕ್ವೇರಾ?"

"ಯಾವುದೋ ಒಂದು ಮಾಡಪ್ಪ.
ನನಗೆಲ್ಲಿ ಕಾಣತ್ತೆ."

ಸ್ಕ್ವೇರ್ ಮಾಡಿದೆ.
ಆಮೇಲೆ ರೂಢಿಯಂತೆ ಕೈಗನ್ನಡಿಯನ್ನು ಹಿಂದೆ ಹಿಡಿದೆ,
ಎಂದಿಗಿಂತ ತುಸು ಹೆಚ್ಚು ಹೊತ್ತು.
ಅವರು ಕಣ್ಣು ಮುಚ್ಚಿಕೊಂಡು
ಜೇಬಿನೊಳಗೇ ಚಿಲ್ಲರೆ ಎಣಿಸುತ್ತಿದ್ದರು.